ಒಬ್ಬರೇ ಚಾಚುವ ಕೋಲು

ಹಗ್ಗದಕ್ಕ ಕಟ್ಟಿದ್ದನ್ನು ಇನ್ನೊಮ್ಮೆ ನೋಡಬೇಕಾಗಿಲ್ಲ ಅಂತ ದೋಣಿ ಯಾರ್ಡಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಇಪ್ಪತ್ತೊಂಬತ್ತು ವರ್ಷದಿಂದ ಹಾಯಿದೋಣಿಗಳ ಕಂಬಕ್ಕೆ ತಂತಿ ಬಿಗಿಯುವುದು, ರಾಟೆಗೆ ಹಗ್ಗ ಪೋಣಿಸುವುದು, ಹಾಯಿ ಚಾಚುವ ಕೋಲುಗಳಿಗೆ ತುದಿ ಕೂರಿಸುವುದು ಅವಳ ಕೆಲಸ. ಯಾರ್ಡಿನ ಯಜಮಾನನೇ ಗಿರಾಕಿಗಳಿಗೆ, "ಅದು ಅಕ್ಕ ಕಟ್ಟಿದ್ದು, ಮುಟ್ಟೋಕೆ ಹೋಗ್ಬೇಡಿ" ಅನ್ನುತ್ತಿದ್ದ. ಅದೇನೂ ಸುಳ್ಳಲ್ಲ ಬಿಡಿ. ಆದರೆ ಇಂಥ ಮಾತನ್ನು ಇಪ್ಪತ್ತೊಂಬತ್ತು ವರ್ಷ ಕೇಳಿಸಿಕೊಂಡವರಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ಬೇರೆಯವರು ಕಟ್ಟಿದ್ದು ಯಾವುದೂ ಅವರ ಕಣ್ಣಿಗೆ ಹಿಡಿಸುವುದಿಲ್ಲ. ಹಗ್ಗದಕ್ಕನಿಗೆ ಆ ಕಾಯಿಲೆ ಚೆನ್ನಾಗಿಯೇ ಅಂಟಿತ್ತು. ಪಾಪ, ಅವಳು ಅದನ್ನು ಜವಾಬ್ದಾರಿ ಅಂದುಕೊಂಡಿದ್ದಳು.

ಮನೆಯಲ್ಲಿ ಅವಳಿಗೆ ಇದ್ದವಳು ಒಬ್ಬಳೇ ತಂಗಿ, ಹನ್ನೆರಡು ವರ್ಷಕ್ಕೆ ಚಿಕ್ಕವಳು. ಹುಟ್ಟಿದಾಗ ಅಂಗೈಯಗಲ ಇದ್ದಳೆಂದು ಗುಬ್ಬಿ ಅಂತ ಕರೆದದ್ದು, ನಲವತ್ತೈದಾದರೂ ಗುಬ್ಬಿಯೇ. ಹಲ್ಲಿನ ಡಾಕ್ಟರ ಹತ್ತಿರ ಸಹಾಯಕಿ. ಹಗಲೆಲ್ಲ ಡಾಕ್ಟರ ಕೈಗೆ ಇಕ್ಕಳ ಕೊಡುತ್ತಾ ನಿಲ್ಲುವುದು, ಸಂಜೆ ಯಾರ್ಡಿಗೆ ಬಂದು ಅಕ್ಕನ ಕೈಗೆ ಸ್ಪ್ಯಾನರ್ ಕೊಡುತ್ತಾ ನಿಲ್ಲುವುದು. ಅಮ್ಮ ಹೋದಾಗ ಅವಳಿಗೆ ಒಂಬತ್ತು. ಅಂದಿನಿಂದ ಊಟ ಹಾಕಿದ್ದು, ಜ್ವರ ಬಂದರೆ ಪಕ್ಕದಲ್ಲಿ ಕೂತದ್ದು, ಜಡೆ ಹೆಣೆದದ್ದು ಎಲ್ಲಾ ಅಕ್ಕನೇ. ಆ ಜಡೆ ಎಷ್ಟು ಬಿಗಿ ಅಂದರೆ ಹುಡುಗಿಯ ಹುಬ್ಬು ಎರಡೂ ಮೇಲಕ್ಕೆ ಹೋಗಿ, ಇಡೀ ದಿನ ಸ್ಕೂಲಿನಲ್ಲಿ ಏನನ್ನೋ ಕಂಡು ಬೆಚ್ಚಿದವಳ ಹಾಗೆ ಕೂತಿರುತ್ತಿದ್ದಳು.

ಹನ್ನೊಂದು ವರ್ಷದ ಹಿಂದೆ ಇಬ್ಬರೂ ಸೇರಿ ಒಂದು ಹಳೆಯ ದೋಣಿ ಕೊಂಡರು. ಮೂವತ್ತೊಂದು ಅಡಿ, ತಳದಲ್ಲಿ ಹುಣ್ಣು ಎದ್ದ ಹಾಗೆ ಬೊಬ್ಬೆ, ಒಳಗೆಲ್ಲ ಬೂಷ್ಟು. ಅದನ್ನು ಸರಿ ಮಾಡಿಕೊಂಡು ಇಬ್ಬರೇ ಮಹಾಸಾಗರ ದಾಟುವುದು ಅಂತ ಯೋಜನೆ. ಗಾಳಿ ಬೆನ್ನಿಗೆ ಹಿಡಿದು ಇಪ್ಪತ್ತೈದು ದಿನ, ನಡುವೆ ನೆಲ ಅನ್ನುವುದೇ ಇಲ್ಲ. ಹಗ್ಗದಕ್ಕ ಬದುಕಿನಲ್ಲಿ ಬೇರೆಯವರ ದೋಣಿಗಳನ್ನು ಸಾಗರಕ್ಕೆ ಕಳಿಸಿದ್ದೇ ಕಳಿಸಿದ್ದು, ತಾನು ಹೋದದ್ದು ಕೊಲ್ಲಿಯ ಬಾಯಿಯ ತನಕ. ಅವಳಿಗೀಗ ಐವತ್ತೇಳು. ಈ ಲೋಕದಲ್ಲಿ ಇನ್ನು ಬೇಕು ಅಂತ ಉಳಿದಿದ್ದದ್ದು ಅದೊಂದೇ, ತಂಗಿಯ ಜೊತೆ ಆ ಇಪ್ಪತ್ತೈದು ದಿನ.

ಗಾಳಿ ಬೆನ್ನಿಗಿದ್ದರೆ ದೋಣಿ ತಾನಾಗಿ ಓಡುತ್ತದೆ ಅಂತ ದಡದಲ್ಲಿ ಕೂತವರು ಅಂದುಕೊಳ್ಳುತ್ತಾರೆ. ಎಲ್ಲಿಯ ಮಾತು! ಬೆನ್ನಗಾಳಿಯಲ್ಲಿ ಮುಂದಿನ ಹಾಯಿಗೆ ತಲೆ ಕೆಡುತ್ತದೆ. ಒಮ್ಮೆ ಉಬ್ಬುತ್ತದೆ, ಒಮ್ಮೆ ಜೋತುಬೀಳುತ್ತದೆ, ದೋಣಿ ಹೊರಳಿದಾಗಲೆಲ್ಲ ಪಟಾರ್ ಅಂತ ಬಡಿದುಕೊಂಡು ಕಂಬವನ್ನೇ ಅಲ್ಲಾಡಿಸುತ್ತದೆ. ಅದಕ್ಕೇ ಒಂದು ಉದ್ದನೆಯ ಕೋಲು ಬೇಕು. ಕೋಲಿನ ಒಂದು ತುದಿ ಕಂಬಕ್ಕೆ, ಇನ್ನೊಂದು ತುದಿ ಹಾಯಿಯ ಮೂಲೆಗೆ ಕಟ್ಟಿದ ಹಗ್ಗಕ್ಕೆ. ಒದ್ದೆ ಸೀರೆಯನ್ನು ಗಳದಿಂದ ದೂಡಿ ಹರಡಿದ ಹಾಗೆ ಅದು ಹಾಯಿಯನ್ನು ದೋಣಿಯಿಂದಾಚೆಗೆ ಚಾಚಿ ಹಿಡಿಯುತ್ತದೆ. ಹೊರತುದಿಯಲ್ಲಿ ಒಂದು ಬಾಯಿ ಇದೆ. ಹಗ್ಗ ಒಳಗೆ ಬಂದರೆ ಸ್ಪ್ರಿಂಗ್ ಕಡ್ಡಿ ಟಕ್ ಅಂತ ಮುಚ್ಚಿಕೊಳ್ಳುತ್ತದೆ.

ಆ ಬಾಯಿ ಯಾವಾಗಲೂ ಮೇಲೆ ನೋಡಬೇಕು. ಯಾಕೆ ಅಂದರೆ, ಗಾಳಿ ಜೋರಾದಾಗ ಕೋಲು ಇಳಿಸಬೇಕಲ್ಲ, ಆಗ ಕಡ್ಡಿ ಎಳೆದರೆ ಸಾಕು, ಹಾಯಿ ತನ್ನ ಹಗ್ಗವನ್ನು ತಾನೇ ಮೇಲಕ್ಕೆ ಎಳೆದುಕೊಂಡು ಬಿಡಿಸಿಕೊಳ್ಳುತ್ತದೆ, ಕೋಲು ಕೆಳಗಿಳಿಯುತ್ತದೆ. ಬಾಯಿ ಕೆಳಗಿದ್ದರೆ ಹಗ್ಗ ಒಳಗಡೆಗೇ ಒತ್ತಿಕೊಂಡು ಕೂರುತ್ತದೆ, ಕಡ್ಡಿ ತೆಗೆದರೂ ಬಿಡುವುದಿಲ್ಲ. ತುಂಬಿದ ಹಾಯಿಗೆ ಎದುರಾಗಿ ಕೋಲನ್ನು ಎತ್ತಬೇಕು. ಒಬ್ಬರ ಕೈಲಿ ಆಗುವ ಕೆಲಸವಲ್ಲ ಅದು. ಜೋರು ಗಾಳಿಯಲ್ಲಿ ಆ ಕೋಲೇ ಆಳನ್ನು ನೀರಿಗೆ ಕೆಡವುತ್ತದೆ.

ಇಷ್ಟನ್ನು ಒಂದು ಲೋಟ ಟೀ ಕುಡಿಯುವುದರೊಳಗೆ ಹೇಳಿ ಮುಗಿಸಬಹುದಿತ್ತು. ಹಗ್ಗದಕ್ಕ ಹನ್ನೊಂದು ವರ್ಷದಲ್ಲಿ ತಂಗಿಗೆ ಹೇಳಿದ್ದು ಎರಡೇ ಪದ. "ಬಾಯಿ ಮೇಲೆ."

ಹಳೆಯ ಕೋಲಿಗೆ ಇಬ್ಬರು ಬೇಕಾಗಿತ್ತು. ಅಕ್ಕ ಮುಂದಿನ ತುದಿಯಲ್ಲಿ ನಿಂತು ಕೋಲನ್ನು ಹೆಗಲಿಗೇರಿಸಿ ಹಗ್ಗಕ್ಕೆ ಕಚ್ಚಿಸಿ, "ಕಚ್ತು!" ಅಂತ ಕೂಗಬೇಕು. ತಂಗಿ ಹಿಂದೆ ಚುಕ್ಕಾಣಿಯ ಹತ್ತಿರದಿಂದ "ಎಳೆದೆ!" ಅಂತ ಕೂಗಿ ಹಗ್ಗ ಬಿಗಿಯಬೇಕು. ಹನ್ನೊಂದು ವರ್ಷ ಭಾನುವಾರ ಭಾನುವಾರ ಕೊಲ್ಲಿಯಲ್ಲಿ ಇದೇ ಕೂಗಾಟ. ದಡದಲ್ಲಿ ಮೀನು ಹಿಡಿಯುವವರಿಗೆಲ್ಲ ಇವರ ದನಿ ಪರಿಚಯ.

ಕಳೆದ ವರ್ಷ ಹಗ್ಗದಕ್ಕನ ಬಲಭುಜ ಹಿಡಿದುಕೊಂಡಿತು. ಕೈ ತಲೆಯ ಮೇಲಕ್ಕೆ ಹೋಗದು. ಆಗ ಒಂದು ಸಂಜೆ ಗುಬ್ಬಿ ಯಾರ್ಡಿಗೆ ಬಂದವಳೇ ಕಿಸೆಯಿಂದ ಸೀಮೆಸುಣ್ಣ ತೆಗೆದಳು.

"ಅಕ್ಕಾ, ಕೋಲನ್ನ ಕಂಬಕ್ಕೇ ನಿಲ್ಲಿಸೋಣ. ಕಂಬದ ಮುಂದೆ ಒಂದು ಹಳಿ ಹಾಕಿಬಿಡು, ಕೋಲಿನ ಒಳತುದಿ ಅದರಲ್ಲೇ ಮೇಲೆ ಕೆಳಗೆ ಜಾರಲಿ. ಹಗ್ಗ ಎಲ್ಲಾ ಹಿಂದಕ್ಕೆ, ಚುಕ್ಕಾಣಿ ಹತ್ರ ಬರಲಿ. ಕೂತಲ್ಲಿಂದಲೇ ಕೋಲು ಚಾಚಬಹುದು, ಇಳಿಸಬಹುದು."

"ಅಷ್ಟೆಲ್ಲ ಯಾಕೆ? ಇಬ್ಬರಿದ್ದೀವಲ್ಲ."

"ನಿನ್ನ ಭುಜ ನೋಡ್ಕೊಂಡಿದ್ದೀಯಾ? ಈ ವಯಸ್ಸಲ್ಲಿ ಅಲೆ ಮಧ್ಯೆ ಮುಂದಿನ ತುದೀಲಿ ಕೋಲು ಹೊತ್ಕೊಂಡು ಕುಣೀತೀಯಾ?"

ಹಗ್ಗದಕ್ಕನ ಭುಜವನ್ನು ಅದುವರೆಗೆ ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಕಣ್ಣೀರು ಕಾಣಿಸಬಾರದೆಂದು, "ಸೀಮೆಸುಣ್ಣ ಅಷ್ಟು ಒತ್ತಿ ಗೀಚ್ಬೇಡ, ಬಣ್ಣ ಹೋಗುತ್ತೆ" ಅಂತ ಗದರಿದಳು.

ಗುಬ್ಬಿ ಚುಕ್ಕಾಣಿಯ ಎಡಗಡೆಗೆ ಹಗ್ಗ ಸಿಕ್ಕಿಸುವ ಕ್ಲೀಟು, ರಾಟೆ, ಹಗ್ಗ ಸುತ್ತುವ ವಿಂಚು ಎಲ್ಲೆಲ್ಲಿ ಬರಬೇಕು ಅಂತ ಗುರುತು ಹಾಕಿದಳು. ಎಲ್ಲವೂ ಒಂದೇ ಕಡೆ, ಎಲ್ಲವೂ ಎಡಗೈಗೆ. ಗುಬ್ಬಿ ಎಡಚಿ. ಹಗ್ಗದಕ್ಕ ಒಂದು ಕ್ಷಣ ನೋಡಿ, ಓಹೋ, ನನ್ನ ಬಲಗೈ ಕೆಲಸಕ್ಕೆ ಬರಲ್ಲ ಅಂತ ಎಡಗಡೆ ಇಟ್ಟಿದ್ದಾಳೆ, ಎಷ್ಟು ಬುದ್ಧಿವಂತೆ ನನ್ನ ಗುಬ್ಬಿ, ಅಂದುಕೊಂಡಳು. ಪ್ರೀತಿ ಕಣ್ಣು ಕಟ್ಟಿದರೆ ಎಡ ಯಾವುದು ಬಲ ಯಾವುದು ಯಾರಿಗೆ ಗೊತ್ತಾಗುತ್ತೆ?

ಮೂರು ತಿಂಗಳು ಕೆಲಸ ನಡೆಯಿತು. ಅಂಥ ಕೆಲಸವನ್ನು ಹಗ್ಗದಕ್ಕ ಯಾವ ಗಿರಾಕಿಗೂ ಮಾಡಿಕೊಟ್ಟಿರಲಿಲ್ಲ. ಹಳಿಯ ಒಂದೊಂದು ತೂತನ್ನೂ ಕೈಯಲ್ಲಿ ಉಜ್ಜಿ ಅಂಚು ತೆಗೆದಳು. ಒಂದರೊಳಗೆ ಒಂದು ಜಾರುವ ಎರಡು ಕೊಳವೆ ಸೇರಿಸಿ, ಬೇಕಾದಷ್ಟು ಉದ್ದ ಮಾಡಬಹುದಾದ ಹೊಸ ಕೋಲು ಕಟ್ಟಿದಳು. ಮೇಲೆತ್ತುವ ಹಗ್ಗ ಒಂದು, ಕೆಳಗೆ ಹಿಡಿಯುವ ಹಗ್ಗ ಒಂದು, ಬಾಯಿಯ ಕಡ್ಡಿ ಎಳೆಯಲು ತೆಳ್ಳನೆಯದೊಂದು, ಎಲ್ಲಾ ಎಳೆ ಬಿಡಿಸಿ ಹೆಣೆದು ಕೂರಿಸಿದ್ದು, ಗಂಟು ಅನ್ನುವುದೇ ಕಾಣದ ಹಾಗೆ. ಇಷ್ಟರ ಮಧ್ಯೆ ಯಾರ್ಡಿನಲ್ಲಿದ್ದ ತನ್ನ ಮೇಜನ್ನೂ ಬಿಟ್ಟುಕೊಟ್ಟಳು. ಸಾಗರ ದಾಟಿ ಬರುವ ಹೊತ್ತಿಗೆ ಯಾವ ಕಾಲವೋ ಏನೋ ಅಂತ, ಯಜಮಾನನಿಗೆ ಬೀಗದ ಕೈ ಕೊಟ್ಟು, ಉಪಕರಣವನ್ನೆಲ್ಲ ಡಬ್ಬಿಗೆ ತುಂಬಿ ದೋಣಿಗೇ ಸಾಗಿಸಿದಳು.

ಹಳಿಯ ತುದಿಗೆ ಒಂದು ತಡೆ ಬೆಸೆಯಬೇಕಿತ್ತು. ಅದಕ್ಕೆ ವೆಲ್ಡರ್ ಮಾವನ ಹತ್ತಿರ ಹೋದಳು. ಯಾರಿಗೆ ಮಾವನೋ ಗೊತ್ತಿಲ್ಲ, ಯಾರ್ಡಿಗೆಲ್ಲ ಮಾವ. ಅವನು ಕನ್ನಡಕ ಹಣೆಗೇರಿಸಿ ಕಂಬವನ್ನೂ ಹಗ್ಗ ಓಡುವ ದಾರಿಯನ್ನೂ ನೋಡಿದ.

"ಇದು ಒಬ್ಬರೇ ಹೋಗೋರು ಮಾಡಿಸ್ಕೊಳ್ಳೋ ಕೆಲಸ ಅಲ್ವೇನಕ್ಕಾ?"

"ನನ್ನ ತಂಗಿಗೆ ನನ್ನ ಮೇಲೆ ಇರೋ ಪ್ರೀತಿ ನೋಡಿ ನಿನಗೆ ಹೊಟ್ಟೆಕಿಚ್ಚು ಮಾವ. ನಿನ್ನ ತಮ್ಮ ನಿನ್ನ ಕಡೆ ತಿರುಗಿ ನೋಡಿ ಎಷ್ಟು ವರ್ಷ ಆಯ್ತು ಹೇಳು?"

"ಆರು" ಅಂದ ಮಾವ. "ಎಲ್ಲಿ ಬೆಸೀಬೇಕು ತೋರಿಸು."

ಕೋಲು ಕೂರಿಸಿದ ದಿನ ಗುಬ್ಬಿ ಹತ್ತಿರ ನಿಂತು ನೋಡುತ್ತಿದ್ದಳು. ಕೋಲು ಕಂಬಕ್ಕೆ ಒರಗಿ ನೆಟ್ಟಗೆ ನಿಂತಾಗ ಅದರ ಬಾಯಿ ದೋಣಿಯ ಮುಂದಕ್ಕೆ ನೋಡಬೇಕು, ಆಗಲೇ ಅದು ಚಾಚಿದಾಗ ಮೇಲಕ್ಕಾಗುವುದು. ಹಗ್ಗದಕ್ಕ ಹಾಗೇ ಕೂರಿಸಿದಳು.

"ಅಕ್ಕಾ, ಬಾಯಿ ಕೆಳಗಿದ್ರೆ ಸುಲಭ ಅಲ್ವಾ? ಹಗ್ಗದ ಮೇಲೆ ಹಾಗೇ ಇಳಿಸಿದ್ರೆ ಕಚ್ಕೊಳುತ್ತೆ. ಬಗ್ಗಿ ಹಗ್ಗ ಎತ್ತಿ ಬಾಯಿಗೆ ಹಾಕೋ ಕಷ್ಟ ಇಲ್ಲ."

"ಬಾಯಿ ಮೇಲೆ."

"ಯಾಕೆ ಅಂತ ಕೇಳಿದೆ ಅಷ್ಟೇ."

"ಹೇಳ್ತಿದ್ದೀನಲ್ಲ. ಮೇಲೆ ಅಂದ್ರೆ ಮೇಲೆ. ಆ ಸ್ಪ್ಯಾನರ್ ಕೊಡಿಲ್ಲಿ."

ಗುಬ್ಬಿ ಸ್ಪ್ಯಾನರ್ ಕೊಟ್ಟಳು. ಒಂದು ಬೋಲ್ಟನ್ನು ತಾನೂ ಬಿಗಿದಳು. ಅವಳು ಆ ಕಡೆ ತಿರುಗಿದ ತಕ್ಷಣ ಹಗ್ಗದಕ್ಕ ಅದನ್ನು ಸಡಿಲಿಸಿ ಮತ್ತೆ ಬಿಗಿದಳು. ಇದೇನೂ ಹೊಸತಲ್ಲ. ಹನ್ನೊಂದು ವರ್ಷದಿಂದ ಗುಬ್ಬಿ ಸಂಜೆ ಕಟ್ಟಿದ ಗಂಟು ಬೆಳಗ್ಗೆಗೆ ಬಿಚ್ಚಿ ಬೇರೆ ಗಂಟಾಗಿರುತ್ತಿತ್ತು. ಅವಳು ಹಚ್ಚಿದ ಬಣ್ಣದ ಮೇಲೆ ಇನ್ನೊಂದು ಕೋಟು ಬಿದ್ದಿರುತ್ತಿತ್ತು. ಗುಬ್ಬಿಗೆ ಗೊತ್ತಾಗಲ್ಲ ಅಂತ ಹಗ್ಗದಕ್ಕ ತಿಳಿದಿದ್ದಳು. ದಿನವಿಡೀ ಹಲ್ಲುಗಳಲ್ಲಿ ಸೂಜಿಮೊನೆಯಷ್ಟು ಹುಳುಕು ಹುಡುಕುವವಳಿಗೆ ತಾನು ಕಟ್ಟಿದ ಗಂಟು ಯಾವುದು ಅಂತ ಗೊತ್ತಾಗಲ್ಲವಂತೆ!

ಹೊರಡುವುದಕ್ಕೆ ಹತ್ತು ದಿನ ಇರುವಾಗ ಹೊಸ ಕೋಲಿನ ಪರೀಕ್ಷೆಗೆ ಕೊಲ್ಲಿಗೆ ಹೋದರು. ಮಧ್ಯಾಹ್ನದ ಗಾಳಿ ಹದವಾಗಿ ಬೆನ್ನಿಗೆ ಬೀಸುತ್ತಿತ್ತು. ಎರಡು ವಾರದಿಂದ ಹಗ್ಗದಕ್ಕ ದೋಣಿಯ ಒಳಗೆ ಇಳಿದೇ ಇರಲಿಲ್ಲ. ಬಣ್ಣ ಹಸಿ ಇದೆ, ವಾರ್ನಿಷ್ ಒಣಗಿಲ್ಲ, ಕಾಲಿಡಬೇಡ ಅಂತ ಗುಬ್ಬಿ ಅಡ್ಡ ನಿಂತಿದ್ದಳು. ಒಳಗಿನದು ಗುಬ್ಬಿಯ ಕೆಲಸ ಅಂತ ಹಗ್ಗದಕ್ಕನೂ ಈ ಒಂದು ಸಲ ತಲೆ ಹಾಕಿರಲಿಲ್ಲ. ಬದುಕಿನಲ್ಲಿ ಒಂದೇ ಒಂದು ಸಲ ಮೂಗು ತೂರಿಸದೆ ಸುಮ್ಮನಿದ್ದದ್ದು ಅವಳು, ಅದೂ ಆ ಎರಡು ವಾರ.

"ನೀನು ಏನೂ ಮುಟ್ಬೇಡ. ಸುಮ್ನೆ ಕೂತಿರು" ಅಂದಳು ಗುಬ್ಬಿ.

ಹಗ್ಗದಕ್ಕ ಕೈ ಎರಡನ್ನೂ ತೊಡೆಯ ಕೆಳಗಿಟ್ಟುಕೊಂಡು ಕೂತಳು. ಗುಬ್ಬಿ ಮುಂದೆ ಹೋಗಿ ಹಗ್ಗ ಎತ್ತಿ ಕೋಲಿಗೆ ಕಚ್ಚಿಸಿ ಬಂದಳು. ಎಡಗೈಯಿಂದ ಒಂದು ಹಗ್ಗ ಸಡಿಲಿಸಿದಳು, ಇನ್ನೊಂದು ಎಳೆದಳು. ಕೋಲಿನ ಒಳತುದಿ ಹಳಿಯಲ್ಲಿ ಸರ್ರನೆ ಕೆಳಗೆ ಜಾರಿತು, ಹೊರತುದಿ ನೀರಿನ ಮೇಲಕ್ಕೆ ಚಾಚಿತು, ಹಾಯಿ ಒಂದು ಸುಕ್ಕೂ ಇಲ್ಲದೆ ತುಂಬಿ ನಿಂತಿತು. ಒಂದು ಕಿರುಗುಟ್ಟುವಿಕೆ ಇಲ್ಲ, ಒಂದು ಎಳೆದಾಟ ಇಲ್ಲ. ಹಗ್ಗದಕ್ಕನಿಗೆ ತಡೆಯಲಾಗಲಿಲ್ಲ. "ಕಚ್ತು!" ಅಂತ ಕೂಗಿಯೇ ಬಿಟ್ಟಳು.

"ಎಳೆದೆ!" ಅನ್ನುವ ಅಗತ್ಯವೇ ಗುಬ್ಬಿಗಿರಲಿಲ್ಲ. ಹಗ್ಗ ಆಗಲೇ ಎಳೆದಾಗಿತ್ತು.

"ಭೇಷ್ ಕಣೇ ಗುಬ್ಬಿ! ತಡಿ, ಟೀ ಮಾಡ್ತೀನಿ" ಅಂತ ಹಗ್ಗದಕ್ಕ ಎದ್ದಳು.

"ಬೇಡ ಅಕ್ಕಾ. ಕೂತ್ಕೋ."

"ಬಣ್ಣ ಒಣಗಿ ಎಷ್ಟು ದಿನ ಆಯ್ತು, ಇನ್ನೂ ಏನು?" ಅನ್ನುತ್ತಾ ಅವಳು ಮೆಟ್ಟಿಲಿಳಿದೇ ಬಿಟ್ಟಳು.

ಒಳಗೆ ಎಡಕ್ಕೆ ಗುಬ್ಬಿಯ ಮಂಚ, ಬಲಕ್ಕೆ ಹಗ್ಗದಕ್ಕನದು. ಅವಳದು ಇರಲಿಲ್ಲ. ಮಂಚ ಇದ್ದ ಜಾಗದಲ್ಲಿ ಹಲಗೆ ಹೊಡೆದು, ಉದ್ದಕ್ಕೂ ಒಂದು ಬಿಳಿಯ ನೀರಿನ ಟ್ಯಾಂಕು ಕೂರಿಸಿ, ಮೇಲೆ ಎರಡು ಪಟ್ಟಿ ಬಿಗಿದಿತ್ತು. ಒಲೆಯ ಪಕ್ಕದಲ್ಲಿ ಲೋಟ ನೇತುಹಾಕಲು ಎರಡು ಕೊಕ್ಕೆ ಇದ್ದವು, ಹಗ್ಗದಕ್ಕನೇ ಹಾಕಿದ್ದು. ಈಗ ಒಂದೇ ಇತ್ತು. ಇನ್ನೊಂದರ ತೂತಿಗೆ ಮೇಣ ತುಂಬಿ, ನೀಟಾಗಿ ಬಣ್ಣ ಹಚ್ಚಿತ್ತು. ತೂತು ಇತ್ತು ಅಂತ ಗೊತ್ತಿದ್ದವರಿಗೆ ಮಾತ್ರ ಕಾಣುವಷ್ಟು ನೀಟು.

ಹಗ್ಗದಕ್ಕ ಆ ಜಾಗದ ಮೇಲೆ ಬೆರಳಾಡಿಸಿದಳು. ಹಳಿ, ಕೋಲು, ಎಡಗೈಗೆ ಬಂದ ಆ ಎಲ್ಲಾ ಹಗ್ಗ, ಸೀಮೆಸುಣ್ಣದ ಒಂದೊಂದು ಗುರುತು, ಎಲ್ಲಾ ಒಟ್ಟಿಗೇ ಅರ್ಥವಾಯಿತು. ಅಯ್ಯೋ ದೇವರೇ, ಮೂರು ತಿಂಗಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ತಾನು ಮಾಡಿದ್ದು ತಾನು ಬೇಡವಾಗುವ ಕೆಲಸ!

ಮೇಲೆ ಬಂದಳು. ಗುಬ್ಬಿ ಚುಕ್ಕಾಣಿ ಹಿಡಿದು ಮುಂದೆ ನೋಡುತ್ತಿದ್ದಳು.

"ಒಬ್ಬಳೇ ಹೋಗ್ತೀಯಾ?"

"ಹ್ಞೂಂ."

"ಯಾವಾಗಿಂದ ಅಂದ್ಕೊಂಡಿದ್ದೆ?"

"ತುಂಬಾ ದಿನದಿಂದ."

"ನನ್ನ ಭುಜ, ಭುಜ ಅಂತ ಅಂದ್ಯಲ್ಲೇ. ನಾನು ಹುಚ್ಚಿ ಥರ ಅತ್ತೆ ಕಣೇ ಆವತ್ತು."

ಗುಬ್ಬಿಯ ಮುಖ ಕೆಂಪೇರಿತು. ಆದರೆ ಚುಕ್ಕಾಣಿ ಬಿಡಲಿಲ್ಲ. "ಅಕ್ಕಾ, ಈ ದೋಣೀಲಿ ನಾನು ಹಾಕಿದ ಗಂಟು ಒಂದಾದರೂ ಉಳಿದಿದೆಯಾ? ತೋರಿಸು, ಈಗಲೇ ನಿನ್ನ ಮಂಚ ವಾಪಸ್ ಹಾಕಿಸ್ತೀನಿ."

ಹಗ್ಗದಕ್ಕ ಸುತ್ತ ನೋಡಿದಳು. ನಿಜವಾಗಿಯೂ ಹುಡುಕಿದಳು, ಪಾಪ. ಕಂಬದ ಬುಡ, ಕಟಾಂಜನ, ಲಂಗರಿನ ಹಗ್ಗ. ಒಂದೂ ಇರಲಿಲ್ಲ.

"ಸರಿ ಇರ್ಲಿಲ್ಲ, ಅದಕ್ಕೆ ಬಿಚ್ಚಿದೆ" ಅಂದಳು.

"ಎಲ್ಲಾನೂ? ಹನ್ನೊಂದು ವರ್ಷದಲ್ಲಿ ಒಂದೂ ಸರಿ ಇರ್ಲಿಲ್ವಾ? ನನಗೆ ನಲವತ್ತೈದು ಅಕ್ಕಾ. ನಾನು ಟೀಗೆ ಸಕ್ಕರೆ ಹಾಕಿದ್ರೂ ನೀನು ಇನ್ನೊಂದು ಸಲ ಕಲಸ್ತೀಯ. ಇಪ್ಪತ್ತೈದು ದಿನ, ಮೂವತ್ತೊಂದು ಅಡಿ. ನಾನು ಉಸಿರು ಬಿಡೋದೂ ನಿನ್ನನ್ನ ಕೇಳ್ಕೊಂಡೇ ಬಿಡ್ಬೇಕಾಗುತ್ತೆ."

"ಮೊದಲೇ ಹೇಳಬಹುದಿತ್ತಲ್ಲ?"

"ಹೇಳಿದ್ರೆ ಕೋಲು ಮಾಡಿಕೊಡ್ತಿದ್ಯಾ?"

ಹೇಳಿಯಾದ ಮೇಲೆ ಗುಬ್ಬಿಗೇ ಆ ಮಾತು ಹೆಚ್ಚಾಯಿತು ಅನ್ನಿಸಿರಬೇಕು. ಕೆಳತುಟಿ ಕಚ್ಚಿಕೊಂಡಳು. ಆದರೆ ವಾಪಸ್ ತೆಗೆದುಕೊಳ್ಳಲಿಲ್ಲ. ಅವಳೂ ಆ ಅಕ್ಕನ ತಂಗಿಯೇ ತಾನೆ.

ಗಾಳಿ ಏರತೊಡಗಿತು. ಕೋಲು ಇಳಿಸಬೇಕಾಯಿತು. ಈಗ ನೋಡಿ, ಹಗ್ಗದಕ್ಕನ ಮನಸ್ಸಿನಲ್ಲಿ ಬಂದದ್ದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಹಗ್ಗ ಸಿಕ್ಕಿಕೊಳ್ಳಲಿ ಅಂತ ಅವಳು ಬೇಡಿಕೊಂಡಳು. ರಾಟೆ ಕಚ್ಚಿಕೊಳ್ಳಲಿ, ಕಡ್ಡಿ ಜಾಮ್ ಆಗಲಿ, ಹಳಿಯಲ್ಲಿ ಕೋಲು ಅರ್ಧಕ್ಕೆ ನಿಲ್ಲಲಿ. "ಅಕ್ಕಾ, ಬಾರೇ!" ಅಂತ ಒಂದು ಸಲ, ಒಂದೇ ಒಂದು ಸಲ ಗುಬ್ಬಿ ಕೂಗಲಿ. ಇಪ್ಪತ್ತೊಂಬತ್ತು ವರ್ಷದಲ್ಲಿ ತಾನು ಮಾಡಿದ ಕೆಲಸ ಕೆಡಲಿ ಅಂತ ಅವಳು ಬಯಸಿದ್ದು ಅದೇ ಮೊದಲು.

ಗುಬ್ಬಿ ತೆಳ್ಳನೆಯ ಹಗ್ಗ ಎಳೆದಳು. ಕಡ್ಡಿ ತೆರೆಯಿತು. ಬಾಯಿ ಮೇಲಿತ್ತಲ್ಲ, ಹಾಯಿ ತನ್ನ ಹಗ್ಗವನ್ನು ಕಿತ್ತುಕೊಂಡು ಹೋಯಿತು. ಕೋಲು ಹಳಿಯಲ್ಲಿ ಮೇಲೇರಿ ಕಂಬಕ್ಕೆ ಒರಗಿ ನಿಂತಿತು. ಕೂತಲ್ಲಿಂದಲೇ, ಒಂದೇ ಕೈಯಲ್ಲಿ. ಎಲ್ಲಿಯೂ ಏನೂ ಸಿಕ್ಕಿಕೊಳ್ಳಲಿಲ್ಲ. ಹಗ್ಗದಕ್ಕ ಕಟ್ಟಿದ್ದು ಹೇಗೆ ಸಿಕ್ಕಿಕೊಳ್ಳುತ್ತೆ?

ಆ ಹತ್ತು ದಿನ ಮನೆಯಲ್ಲಿ ಇಬ್ಬರೂ ಗುರುತಿಲ್ಲದವರ ಹಾಗೆ ಓಡಾಡಿದರು. ಊಟಕ್ಕೆ ಬಾ, ನಲ್ಲಿ ನಿಲ್ಲಿಸು, ಅಷ್ಟೇ ಮಾತು. ವೆಲ್ಡರ್ ಮಾವ ಮಾತ್ರ, "ಅರ್ಧ ದೋಣಿ ನಿಂದು. ಬೀಗ ಜಡಿದು ಕೂತ್ಕೋ, ಹೇಗೆ ಹೋಗ್ತಾಳೆ ನೋಡೋಣ" ಅಂದ.

"ಅರ್ಧ ದೋಣಿ ಇಟ್ಕೊಂಡು ಏನ್ ಮಾಡ್ಲಿ ಮಾವ? ಬೇಡ ಅಂದೋಳ ಜೊತೆ ಹೋಗಿ ಟ್ಯಾಂಕಿನ ಮೇಲೆ ಮಲಗ್ಲಾ?" ಅಂದಳು ಹಗ್ಗದಕ್ಕ. ಅಹಂಕಾರ ಅನ್ನಿ, ಮಾನ ಅನ್ನಿ, ಅವಳ ಹತ್ತಿರ ಉಳಿದಿದ್ದದ್ದು ಅದೊಂದೇ. ಉಪಕರಣದ ಡಬ್ಬಿಯನ್ನು ಗುಬ್ಬಿ ತಾನೇ ಹೊತ್ತು ತಂದು ಮನೆಯ ಬಾಗಿಲಲ್ಲಿಟ್ಟಿದ್ದಳು. ಅದು ಅಲ್ಲೇ ಇತ್ತು.

ಹೊರಡುವ ಬೆಳಗ್ಗೆ ಹೋಗಬಾರದು ಅಂತ ಹಟ ಹಿಡಿದಿದ್ದವಳು ಏಳು ಗಂಟೆಗೇ ದೋಣಿ ನಿಲ್ಲುವ ಕಟ್ಟೆಯ ಮೇಲೆ ಬಂದು ನಿಂತಳು. ಮಾವನೂ ಬಂದಿದ್ದ. ಬಂದರೆ ಕಂಡದ್ದೇನು? ಗುಬ್ಬಿ ಸ್ಪ್ಯಾನರ್ ಹಿಡಿದು ಕಂಬದ ಬುಡದಲ್ಲಿ ಕೂತಿದ್ದಳು. ಒಂದು ಬೋಲ್ಟು ಸಡಿಲಿಸುತ್ತಾಳೆ, ನೋಡುತ್ತಾಳೆ, ಮತ್ತೆ ಬಿಗಿಯುತ್ತಾಳೆ. ಮುಂದಿನದು. ರಾಟೆಯ ಪಿನ್ನು ತೆಗೆದು ಬೆಳಕಿಗೆ ಹಿಡಿದು ನೋಡಿ ಮತ್ತೆ ಹಾಕುತ್ತಾಳೆ. ಅಕ್ಕ ಕೂರಿಸಿದ ಒಂದೊಂದನ್ನೂ, ಸಾಲಾಗಿ, ಒಂದನ್ನೂ ಬಿಡದೆ.

ಹಗ್ಗದಕ್ಕನ ಮೈಯೆಲ್ಲ ಉರಿಯಿತು. "ಏನೇ ಅದು? ನಾನೇನಾದ್ರೂ ಮಾಡಿಟ್ಟಿರ್ತೀನಿ ಅಂತ್ಲಾ?"

ಗುಬ್ಬಿ ತಲೆಯೆತ್ತಲಿಲ್ಲ. "ಹಾಗಲ್ಲ ಅಕ್ಕಾ. ಹೋಗೋಳು ನಾನು. ಒಂದು ಸಲ ನಾನೇ ನೋಡ್ಕೋಬೇಕು."

ಹೇಳಿದ್ದು ನ್ಯಾಯವೇ. ಆದರೆ ತಾನು ಕಟ್ಟಿದ್ದನ್ನು ಕಣ್ಣೆದುರಿಗೇ ಬಿಚ್ಚಿ ಕಟ್ಟುವುದನ್ನು ನೋಡುತ್ತಾ ನಿಲ್ಲುವುದು ಎಂಥದು ಅಂತ ಹಗ್ಗದಕ್ಕನಿಗೆ ಐವತ್ತೇಳನೇ ವರ್ಷದಲ್ಲಿ ತಿಳಿಯಿತು. ಇದನ್ನು ಇವಳು ಹನ್ನೊಂದು ವರ್ಷ ನುಂಗಿಕೊಂಡಿದ್ದಳಾ, ಅಂತ ಅನ್ನಿಸಿ ಕಟ್ಟೆಯ ಮೇಲಿದ್ದ ಖಾಲಿ ಡ್ರಮ್ಮಿನ ಮೇಲೆ ಕೂತುಬಿಟ್ಟಳು.

ಕೊನೆಗೆ ಗುಬ್ಬಿ ಕೋಲಿನ ಹತ್ತಿರ ಬಂದಳು. ಅದನ್ನು ಹಳಿಯಿಂದ ಬಿಚ್ಚಿದಳು, ಎರಡೂ ತುದಿಗೆ ಎಣ್ಣೆ ಬಿಟ್ಟು ಒರೆಸಿದಳು. ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದು ಏನೋ ಯೋಚಿಸಿದಳು. ಆಮೇಲೆ ಅದನ್ನು ಅರ್ಧ ಸುತ್ತು ತಿರುಗಿಸಿ ಹಾಕಿದಳು. ಮೇಲಿನ ಹಗ್ಗ ಕೆಳಗಿನ ಹಗ್ಗ ಎರ​ಡನ್ನೂ ಅದಕ್ಕೆ ತಕ್ಕ ಹಾಗೆ ಬದಲಿಸಿದಳು. ಕೋಲು ಕಂಬಕ್ಕೆ ಒರಗಿ ನಿಂತಿತು, ಬಾಯಿ ಕಂಬದ ಕಡೆಗೆ, ಅಂದರೆ ಚಾಚಿದಾಗ ಕೆಳಕ್ಕೆ.

ಹಗ್ಗದಕ್ಕ ದಡಕ್ಕನೆ ಎದ್ದಳು. "ಗುಬ್ಬೀ! ಬಾಯಿ ಮೇಲೆ!"

ಗುಬ್ಬಿ ಆಗಲೇ ಕಟ್ಟೆಯ ಹಗ್ಗ ಕಳಚುತ್ತಿದ್ದಳು.

"ಬಾಯಿ ಮೇಲೆ ಕಣೇ! ತಿರುಗಿಸು ಅದನ್ನ!"

"ಸಾಕು ಅಕ್ಕಾ!" ಅಂದಳು ಗುಬ್ಬಿ. ಸಿಟ್ಟಿನಿಂದಲ್ಲ, ದಣಿದವಳ ಹಾಗೆ. ಕಣ್ಣು ತುಂಬಿತ್ತು. "ಇವತ್ತೊಂದು ದಿನ ಸಾಕು. ಒಬ್ಬರಿಗೆ ಹೀಗೇ ಸುಲಭ. ನಾನು ನೋಡ್ಕೋತೀನಿ."

ಇಂಜಿನ್ ಸದ್ದು ಜೋರಾಯಿತು, ದೋಣಿ ಕಟ್ಟೆ ಬಿಟ್ಟಿತು. ಗುಬ್ಬಿ ಎಡಗೈ ಎತ್ತಿ ಬೀಸಿದಳು. ಹಗ್ಗದಕ್ಕ ಕೈ ಬೀಸಲಿಲ್ಲ. ಕಟ್ಟೆಯ ತುದಿಯವರೆಗೆ ಓಡಿ, "ಮೇಲೆ! ಮೇಲೆ!" ಅಂತ ಕೂಗುತ್ತಲೇ ಇದ್ದಳು. ಮೀನು ಹಿಡಿಯುವವರು ತಿರುಗಿ ನೋಡಿ, ಓ ಇವರೇನಾ, ಅಂತ ಮತ್ತೆ ಗಾಳದ ಕಡೆ ತಿರುಗಿದರು.

ಮಾವನ ಶೆಡ್ಡಿನಲ್ಲಿ ದೋಣಿಗಳ ಜೊತೆ ಮಾತಾಡುವ ರೇಡಿಯೋ ಇತ್ತು. ಹಗ್ಗದಕ್ಕ ಅವನ ತೋಳು ಹಿಡಿದು ಎಳೆದುಕೊಂಡು ಹೋದಳು.

"ನೀನು ಹೇಳು ಮಾವ. ನಾನು ಹೇಳಿದ್ರೆ ಕೇಳಲ್ಲ. ಕೋಲಿನ ಬಾಯಿ ಮೇಲೆ ಮಾಡ್ಕೋ ಅನ್ನು. ನೀನಾಗೇ ನೋಡಿದ ಹಾಗೆ ಹೇಳು."

ಮಾವ ಮೈಕು ಹಿಡಿದು ಗಂಟಲು ಸರಿಮಾಡಿಕೊಂಡ. "ಗುಬ್ಬಮ್ಮಾ, ನಾನು ವೆಲ್ಡರ್ ಮಾವ. ನಿನ್ನ ಕೋಲಿನ ಬಾಯಿ ಕೆಳಗಾಗಿದೆ ಕಣಮ್ಮ. ಅದನ್ನ ಸ್ವಲ್ಪ..."

ರೇಡಿಯೋದಿಂದ ಗುಬ್ಬಿಯ ದನಿ ಬಂತು, ಹತ್ತಿರದಲ್ಲೇ ನಿಂತ ಹಾಗೆ. "ಅಕ್ಕ ಪಕ್ಕದಲ್ಲೇ ನಿಂತು ಹೇಳಿಸ್ತಿದ್ದಾಳೆ ಅಲ್ವಾ ಮಾವ?"

ಮಾವನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಹಗ್ಗದಕ್ಕನ ಮುಖ ನೋಡಿದ. ಆ ನೋಡುವಷ್ಟು ಹೊತ್ತೇ ಸಾಕಾಯಿತು.

"ಅವಳಿಗೆ ಹೇಳಿ, ಭುಜಕ್ಕೆ ಎಣ್ಣೆ ಹಚ್ಕೋಬೇಕು ಅಂತ. ರೇಡಿಯೋ ಆಫ್ ಮಾಡ್ತಿದ್ದೀನಿ" ಅಂದಳು ಗುಬ್ಬಿ. ಟಕ್ ಅಂತ ಸದ್ದಾಯಿತು.

ಶೆಡ್ಡಿನ ಕಿಟಕಿಯಿಂದ ಕೊಲ್ಲಿಯ ಬಾಯಿ ಕಾಣುತ್ತಿತ್ತು. ಅಲ್ಲಿ ದೋಣಿ ಗಾಳಿಗೆ ಬೆನ್ನು ಕೊಟ್ಟಿತು. ಕೋಲು ಕಂಬದಿಂದ ಹೊರಕ್ಕೆ ಚಾಚಿತು, ಎಷ್ಟು ನುಣುಪಾಗಿ ಅಂದರೆ ಬೇರೆಯವರ ಕೆಲಸವಾಗಿದ್ದರೆ ಹಗ್ಗದಕ್ಕ ಚಪ್ಪಾಳೆ ತಟ್ಟುತ್ತಿದ್ದಳು. ಹಾಯಿ ತುಂಬಿತು. ಈ ಹದವಾದ ಗಾಳಿಯಲ್ಲಿ ಏನೂ ಆಗುವುದಿಲ್ಲ. ಗಾಳಿ ಏರುವ ತನಕ ಏನೂ ಆಗುವುದಿಲ್ಲ. ಗಾಳಿ ಏರುವುದು ನಾಲ್ಕನೇ ದಿನಕ್ಕೋ, ಹತ್ತನೇ ದಿನಕ್ಕೋ, ಏರದೆ ಅಂತೂ ಇರುವುದಿಲ್ಲ.

ಹಗ್ಗದಕ್ಕ ಮಾವನ ಕೈಯಿಂದ ಮೈಕು ತೆಗೆದುಕೊಂಡಳು.

"ಆಫ್ ಮಾಡಿದ್ದಾಳೆ ಅಕ್ಕಾ. ಕೇಳಿಸಲ್ಲ" ಅಂದ ಮಾವ.

"ಗೊತ್ತು" ಅಂದು ಅವಳು ಗುಂಡಿ ಒತ್ತಿದಳು. "ಗುಬ್ಬಿ, ಬಾಯಿ ಮೇಲಿದ್ರೆ ಏನಾಗುತ್ತೆ ಅಂದ್ರೆ, ಕಡ್ಡಿ ತೆಗೆದ ತಕ್ಷಣ ಹಾಯೀನೇ ಹಗ್ಗಾನ ಮೇಲಕ್ಕೆ ಎಳ್ಕೊಳುತ್ತೆ. ಕೆಳಗಿದ್ರೆ ಹಗ್ಗ ಒಳಗೇ ಒತ್ಕೊಂಡಿರುತ್ತೆ, ಒಬ್ಬಳ ಕೈಲಿ ಬಿಡಿಸೋಕಾಗಲ್ಲ ಕಣಮ್ಮ. ಅದಕ್ಕೇ ಹೇಳ್ತಿದ್ದದ್ದು. ನೀನು ಕೇಳಿದೆಯಲ್ಲ ಯಾಕೆ ಅಂತ, ಅದಕ್ಕೇ."

ಗುಂಡಿ ಬಿಟ್ಟಳು. ರೇಡಿಯೋ ಸುಮ್ಮನೆ ಸರ್ ಅನ್ನುತ್ತಿತ್ತು. ಸ್ವಲ್ಪ ಹೊತ್ತು ಕಾದು, ಮತ್ತೆ ಗುಂಡಿ ಒತ್ತಿ, ಮೊದಲಿನಿಂದ ಇನ್ನೊಮ್ಮೆ ಹೇಳತೊಡಗಿದಳು, ಈ ಸಲ ಇನ್ನೂ ನಿಧಾನವಾಗಿ.